ಮೌಂಟೇನ್ ಬೈಕ್: ಬಾಕ್ಸ್ ಬಿಚ್ಚಿದಲ್ಲಿಂದ ಗಿರಿ ಇಳಿಯುವ ತನಕ

ನಮ್ಮ ಚಿಕ್ಕಮಗಳೂರಲ್ಲಿ ಮೌಂಟೇನ್ ಬೈಕ್, ಅಂದರೆ ಗುಡ್ಡಗಾಡಿನ ಸೈಕಲ್, ತಗೊಂಡವರೆಲ್ಲ ಮೊದಲು ಕೇಳುವುದು ಒಂದೇ, ಮುಳ್ಳಯ್ಯನಗಿರಿ ಹತ್ತೋಕೆ ಆಗುತ್ತಾ ಅಂತ. ಆಗುತ್ತೆ. ಉಸಿರು ಕಟ್ಟಿದರೆ ಇಳಿದು ತಳ್ಳಿಕೊಂಡು ಹೋಗಿ, ಯಾರೂ ಏನೂ ಅನ್ನುವುದಿಲ್ಲ. ಕೇಳಬೇಕಾದ್ದು ಇಳಿಯುವ ವಿಷಯ. ಗಿರಿಯ ತುದಿ 1,930 ಮೀಟರ್, ಪೇಟೆ ಇರುವುದು 1,100 ಮೀಟರಿನ ಆಸುಪಾಸು. ಆ 800 ಚಿಲ್ಲರೆ ಮೀಟರನ್ನು ಸುಮಾರು 20 ಕಿಲೋಮೀಟರಿನಲ್ಲಿ ಇಳಿಯುವಾಗ ನಿಮ್ಮ ಜೀವ ಇರುವುದು ಎರಡು ಬ್ರೇಕು, ಹ್ಯಾಂಡಲ್‌ನ ಆರು ಬೋಲ್ಟು ಮತ್ತು ಮುಂದಿನ ಚಕ್ರದ ಒಂದು ಲಿವರ್ ಮೇಲೆ. ಅವನ್ನು ಬಿಗಿ ಮಾಡಿದವರು ನೀವೇ. ಅದಕ್ಕೇ ಜೋಡಿಸುವ ಕೆಲಸವನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಆನ್‌ಲೈನ್‌ನಲ್ಲಿ ತರಿಸಿದ ಸೈಕಲ್ ಮುಕ್ಕಾಲು ಪಾಲು ಜೋಡಿಸಿಯೇ ಬರುತ್ತದೆ. ಉಳಿಯುವುದು ಹ್ಯಾಂಡಲ್, ಮುಂದಿನ ಚಕ್ರ, ಸೀಟು, ಪೆಡಲ್. 4, 5, 6 ಎಂಎಂ ಅಲೆನ್ ಕೀ, 15ರ ಸ್ಪಾನರ್, ಒಂದು ಡಬ್ಬಿ ಗ್ರೀಸ್, ಒಂದು ಹಳೇ ಬನಿಯನ್ ಸಾಕು. ಬಾಕ್ಸಲ್ಲೇ ಬರುವ ತಗಡಿನ ಸ್ಪಾನರ್ ನಂಬಬೇಡಿ, ಬೋಲ್ಟಿನ ಮೂಲೆ ಸವೆಸಿಬಿಡುತ್ತದೆ.

ಮೊದಲು ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ಯಾವ ಕಡೆ ನೋಡುತ್ತಿದೆ ಅಂತ ನೋಡಿ. ನಗಬೇಡಿ, ಹಿಂದುಮುಂದಾದ ಫೋರ್ಕ್ ಇಟ್ಟುಕೊಂಡು ತಿಂಗಳುಗಟ್ಟಲೆ ಓಡಿಸಿದವರನ್ನು ನೋಡಿದ್ದೇನೆ. ಸೈಕಲ್ ಮೇಲೆ ಕೂತಾಗ ಚೈನು ಬಲಕ್ಕೆ, ಡಿಸ್ಕು (ಬ್ರೇಕ್ ಕಚ್ಚಿ ಹಿಡಿಯುವ ಲೋಹದ ತಟ್ಟೆ) ಎಡಕ್ಕೆ ಇರಬೇಕು. ಮುಂದಿನ ಬ್ರೇಕಿನ ಕ್ಯಾಲಿಪರ್, ಅಂದರೆ ಡಿಸ್ಕನ್ನು ಹಿಡಿಯುವ ಭಾಗ, ಫೋರ್ಕಿನ ಎಡಗಾಲಿನ ಹಿಂಬದಿಯಲ್ಲಿರಬೇಕು. ತಿರುಗಿಸಿದಾಗ ಚಕ್ರ ನಿಮ್ಮ ಕಾಲ್ಬೆರಳಿಗೆ ತಾಗುವಷ್ಟು ಹತ್ತಿರ ಬಂದರೆ ಏನೋ ತಪ್ಪಾಗಿದೆ ಅಂತಲೇ.

ಹೈಡ್ರಾಲಿಕ್ ಡಿಸ್ಕ್ (ವೈರ್ ಬದಲು ಎಣ್ಣೆಯ ಒತ್ತಡದಲ್ಲಿ ಹಿಡಿಯುವ ಬ್ರೇಕ್) ಆದರೆ ಕ್ಯಾಲಿಪರ್ ಒಳಗಿನ ಪ್ಯಾಡುಗಳ ನಡುವೆ ಪ್ಲಾಸ್ಟಿಕ್ ತುಂಡೊಂದು ಸಿಕ್ಕಿಸಿರುತ್ತಾರೆ. ಚಕ್ರ ಹಾಕುವ ಮುಂಚೆ ತೆಗೆಯಿರಿ. ತೆಗೆದ ಮೇಲೆ ಚಕ್ರ ಕೂರಿಸುವ ತನಕ ಬ್ರೇಕ್ ಲಿವರ್ ಮುಟ್ಟಬೇಡಿ. ಸುಮ್ನೆ ಒಂದು ಸಲ ಒತ್ತಿದರೂ ಪ್ಯಾಡುಗಳು ಕಚ್ಚಿಕೊಂಡು ಡಿಸ್ಕು ಒಳಗೆ ಹೋಗುವುದೇ ಇಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಬಾಗಿಲು ಹಾಕಿಕೊಂಡು ಜೋಡಿಸಿ. ಡಿಸ್ಕಿಗೆ ಬೆರಳು ತಾಗಿಸಬೇಡಿ, ಗ್ರೀಸಿನ ಕೈಯಂತೂ ಬೇಡವೇ ಬೇಡ. ಎಣ್ಣೆ ಹತ್ತಿದ ಪ್ಯಾಡು ಕಿರುಚುತ್ತದೆ, ಹಿಡಿಯುವುದಿಲ್ಲ, ಕೊನೆಗೆ ಹೊಸದು ಹಾಕಿಸುವುದೇ ಗತಿ.

ಚಕ್ರ ಕೂರಿಸಿ ಕ್ವಿಕ್ ರಿಲೀಸ್ (ಚಕ್ರ ಬಿಗಿ ಮಾಡುವ ಲಿವರ್) ಹಾಕುವಾಗ ತುಂಬಾ ಜನ ಲಿವರನ್ನೇ ಹಿಡಿದು ನಟ್ಟಿನ ಹಾಗೆ ಗರಗರ ತಿರುಗಿಸಿ ಬಿಟ್ಟುಬಿಡುತ್ತಾರೆ. ಅದು ಬಿಗಿಯಲ್ಲ. ಲಿವರನ್ನು ಮಡಚಿ ಮುಚ್ಚಬೇಕು. ಅರ್ಧ ಮಡಚಿದಾಗ ಬಿಗಿ ಸಿಗಲು ಶುರುವಾಗಬೇಕು, ಪೂರ್ತಿ ಮುಚ್ಚಿದಾಗ ಅಂಗೈ ಮೇಲೆ ಅಚ್ಚು ಬೀಳಬೇಕು. ಸಲೀಸಾಗಿ ಮುಚ್ಚಿದರೆ ತೆರೆದು, ಎದುರು ಬದಿಯ ನಟ್ಟನ್ನು ಸ್ವಲ್ಪ ತಿರುಗಿಸಿ ಮತ್ತೆ ಮುಚ್ಚಿ. ಮುಚ್ಚಿದ ಲಿವರ್ ಡಿಸ್ಕಿಗೆ ತಾಗದ ಹಾಗೆ ನೋಡಿಕೊಳ್ಳಿ.

ಹ್ಯಾಂಡಲ್ ಹಿಡಿಯುವ ಮುಚ್ಚಳಕ್ಕೆ ಸಾಮಾನ್ಯವಾಗಿ ನಾಲ್ಕು ಬೋಲ್ಟು. ಒಂದನ್ನೇ ಪೂರ್ತಿ ತಿರುಗಿಸಬೇಡಿ, ಕಾರಿನ ಚಕ್ರದ ನಟ್ಟು ಬಿಗಿ ಮಾಡುವ ಹಾಗೆ ಎದುರುಬದುರು, ಸ್ವಲ್ಪಸ್ವಲ್ಪ. ಮೇಲೆ ಕೆಳಗೆ ಸಂದು ಒಂದೇ ಸಮ ಇರಬೇಕು. ಎಷ್ಟು ಬಿಗಿ ಅಂತ ಬಹಳ ಸೈಕಲ್‌ಗಳಲ್ಲಿ ಅಲ್ಲೇ ಬರೆದಿರುತ್ತದೆ, ಹೆಚ್ಚಾಗಿ 5 ನ್ಯೂಟನ್ ಮೀಟರ್ ಸುತ್ತಮುತ್ತ. ಟಾರ್ಕ್ ರೆಂಚ್ (ಬಿಗಿ ಅಳೆದು ತೋರಿಸುವ ಸ್ಪಾನರ್) ಇಲ್ಲದಿದ್ದರೆ ಅಲೆನ್ ಕೀಯನ್ನು ಗಿಡ್ಡ ಹಿಡಿದುಕೊಳ್ಳಿ, ಜೋರು ತಾನಾಗೇ ಕಡಿಮೆ ಬೀಳುತ್ತದೆ. ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ತುಂಡು ಸ್ಟೆಮ್, ಅದರ ನೆತ್ತಿಯ ಮೇಲಿನ ಬೋಲ್ಟು ಬೇರೆ ಲೆಕ್ಕ. ಅದು ಹ್ಯಾಂಡಲನ್ನು ಹಿಡಿಯುವುದಿಲ್ಲ, ಬೇರಿಂಗ್‌ನ ಆಟ, ಅಂದರೆ ಅಲುಗಾಟ, ತೆಗೆಯುತ್ತದೆ ಅಷ್ಟೇ. ಮೊದಲು ಅದನ್ನು ಮೆಲ್ಲಗೆ ಬಿಗಿ ಮಾಡಿ, ಹ್ಯಾಂಡಲ್ ಚಕ್ರಕ್ಕೆ ನೇರವಾಗಿದೆಯಾ ನೋಡಿ, ಆಮೇಲೆ ಸ್ಟೆಮ್‌ನ ಪಕ್ಕದ ಎರಡು ಬೋಲ್ಟು. ಈ ಕ್ರಮ ತಪ್ಪಿದರೆ ಆಟ ಹೋಗುವುದಿಲ್ಲ. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿ. ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಸಂದಿನ ಮೇಲೆ ಬೆರಳಿಟ್ಟಾಗ ಟಕ್ ಟಕ್ ಅಂತ ಬಡಿದರೆ ಪಕ್ಕದ ಬೋಲ್ಟು ಸಡಿಲಿಸಿ ಮತ್ತೆ ಮೊದಲಿಂದ.

ಇನ್ನು ಪೆಡಲ್. ಇಲ್ಲೇ ನಾನು ಕೈ ಸುಟ್ಟುಕೊಂಡಿದ್ದು. ಬಲ ಪೆಡಲ್ ಎಲ್ಲ ಬೋಲ್ಟಿನ ಹಾಗೆ ಬಲಕ್ಕೆ ತಿರುಗಿದರೆ ಬಿಗಿ. ಎಡದ್ದು ಉಲ್ಟಾ, ಎಡಕ್ಕೆ ತಿರುಗಿದರೆ ಬಿಗಿ. ತುಳಿಯುತ್ತಾ ತುಳಿಯುತ್ತಾ ತಾನೇ ಬಿಚ್ಚಿಕೊಳ್ಳಬಾರದು ಅಂತ ಹಾಗೆ ಮಾಡಿರುತ್ತಾರೆ. ಪೆಡಲಿನ ತುದಿಯಲ್ಲಿ ಎಲ್, ಆರ್ ಅಂತ ಕೊರೆದಿರುತ್ತದೆ. ನಾನು ಅದನ್ನು ನೋಡಲೇ ಇಲ್ಲ. ಸಂಜೆ ಕರೆಂಟ್ ಹೋಗಿತ್ತು, ಮೊಬೈಲ್ ಬೆಳಕಲ್ಲಿ ಬಲದ ಪೆಡಲನ್ನು ಎಡಗಡೆ ಇಟ್ಟು, ಹೋಗುತ್ತಿಲ್ಲ ಅಂತ ಸ್ಪಾನರಿಗೆ ಪೈಪ್ ಸಿಕ್ಕಿಸಿ ಎಳೆದೆ. ಹೋಯಿತು. ಜೊತೆಗೆ ಬೆಳ್ಳಗೆ ಹೊಳೆಯುವ ಅಲ್ಯೂಮಿನಿಯಂ ಸುರುಳಿಯೂ ಬಂತು, ತೆಂಗಿನಕಾಯಿ ತುರಿಯ ಹಾಗೆ. ಎರಡನೇ ದಿನ ಜಯಪುರ ರಸ್ತೆಯ ಏರಿನಲ್ಲಿ ಪೆಡಲ್ ಕಾಲಿನ ಜೊತೆಗೇ ಕಿತ್ತು ಬಂತು. ಹೊಸ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಹಾಕಿಸಬೇಕಾಯಿತು. ಹಾಗಾಗಿ ಥ್ರೆಡ್ಡಿಗೆ ಗ್ರೀಸ್ ಸವರಿ ಮೊದಲ ನಾಲ್ಕೈದು ಸುತ್ತು ಬರೀ ಬೆರಳಲ್ಲೇ ತಿರುಗಿಸಿ. ಬೆರಳಿಗೆ ಹೋಗದಿದ್ದರೆ ಸ್ಪಾನರಿಗೂ ಹೋಗಬಾರದು.

ಸೀಟಿನ ಎತ್ತರ ಸುಲಭ. ಸೀಟಲ್ಲಿ ಕೂತು, ಪೆಡಲನ್ನು ಪೂರ್ತಿ ಕೆಳಗೆ ತಂದು ಅದರ ಮೇಲೆ ಹಿಮ್ಮಡಿ ಇಡಿ, ಕಾಲು ನೇರ ಆಗಬೇಕು. ಸೀಟಿನ ಪೈಪಿನ ಮೇಲೆ ಇಷ್ಟಾದರೂ ಒಳಗಿರಬೇಕು ಅಂತ ಹಾಕಿರುವ ಕನಿಷ್ಠ ಗುರುತು ಹೊರಗೆ ಕಾಣಬಾರದು. ಸರಿಯಾದ ಎತ್ತರಕ್ಕೆ ಒಂದು ಸುತ್ತು ಇನ್ಸುಲೇಷನ್ ಟೇಪ್ ಹಾಕಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವೈರ್ ಎಳೆಯುವ ಡಿಸ್ಕ್ ಬ್ರೇಕಾಗಿದ್ದು ಪ್ಯಾಡು ಡಿಸ್ಕಿಗೆ ಉಜ್ಜುತ್ತಿದ್ದರೆ ಕ್ಯಾಲಿಪರ್‌ನ ಎರಡು ಬೋಲ್ಟು ಸಡಿಲಿಸಿ, ಲಿವರ್ ಗಟ್ಟಿಯಾಗಿ ಹಿಡಿದುಕೊಂಡೇ ಮತ್ತೆ ಬಿಗಿ ಮಾಡಿ, ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಯಾವ ಲಿವರ್ ಯಾವ ಚಕ್ರಕ್ಕೆ ಅಂತ ಖಚಿತ ಮಾಡಿಕೊಳ್ಳಿ, ಮೋಟಾರ್ ಬೈಕಿನ ಅಭ್ಯಾಸದಲ್ಲಿ ಬಲಗೈ ಮುಂದಿನದು ಅಂದುಕೊಂಡಿರುತ್ತೀರಿ, ಎಲ್ಲ ಸೈಕಲಲ್ಲೂ ಹಾಗಿರುವುದಿಲ್ಲ. ಹೊಸ ಡಿಸ್ಕ್ ಬ್ರೇಕು ಮೊದಲ ದಿನವೇ ಸರಿಯಾಗಿ ಹಿಡಿಯುವುದಿಲ್ಲ. ಖಾಲಿ ರಸ್ತೆಯಲ್ಲಿ ವೇಗ ತಗೊಂಡು, ಚಕ್ರ ಲಾಕ್ ಆಗದ ಹಾಗೆ ನಿಧಾನಕ್ಕೆ ಒತ್ತಿ ನಡಿಗೆಯ ವೇಗಕ್ಕೆ ತನ್ನಿ. ಹೀಗೆ ಒಂದಿಪ್ಪತ್ತು ಸಲ.

ಮೊದಲ ಸುತ್ತು ಹಿರೇಕೊಳಲೆ ಕೆರೆ ತನಕ ಸಾಕು, ಹತ್ತು ಕಿಲೋಮೀಟರ್ ಆಚೀಚೆ. ವಾಪಸ್ ಬಂದು ಎಲ್ಲ ಬೋಲ್ಟನ್ನೂ ಇನ್ನೊಮ್ಮೆ ನೋಡಿ. ಒಂದು ತಿಂಗಳಲ್ಲಿ ಗೇರ್ ವೈರ್ ಸ್ವಲ್ಪ ಸಡಿಲವಾಗುತ್ತದೆ, ಸ್ಪೋಕೂ ಅಷ್ಟೇ. ಆಗ ಒಮ್ಮೆ ಅಂಗಡಿಗೆ ಕೊಟ್ಟು ಸರಿ ಮಾಡಿಸಿ.

ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲೆ, ಮಟ್ಟವಾಗಿ ಕೂರಬೇಕು. ನೆತ್ತಿಯ ಹಿಂದಕ್ಕೆ ಟೋಪಿ ಥರ ತಳ್ಳಿಕೊಂಡರೆ ಹಣೆಗೆ ಏನೂ ಪ್ರಯೋಜನ ಇಲ್ಲ.

ಗಾಳಿ ಎಷ್ಟು ಅಂತ ಟೈರಿನ ಪಕ್ಕದಲ್ಲೇ ಬರೆದಿರುತ್ತದೆ, ಆ ಮಿತಿಯೊಳಗೇ ಇರಲಿ. ಟಾರ್ ರಸ್ತೆಗೆ ಸ್ವಲ್ಪ ಜಾಸ್ತಿ, ತೋಟದ ಮಣ್ಣಿನ ದಾರಿಗೆ ಸ್ವಲ್ಪ ಕಡಿಮೆ. ಪಂಚರ್ ಅಂಗಡಿಯ ಕಂಪ್ರೆಸರ್‌ನಲ್ಲಿ ಹೊಡೆಸಿದರೆ ಎರಡು ಕ್ಷಣದಲ್ಲಿ ಟ್ಯೂಬ್ ಉಬ್ಬಿಬಿಡುತ್ತದೆ, ಕೈಪಂಪೇ ಒಳ್ಳೆಯದು.

ಗಿರಿ ದಾರಿಯ ಕೈಮರ ದಾಟಿ ಏರು ಶುರುವಾದ ಮೇಲೆ ಗೇರ್ ಹಾಕಲು ಹೋದರೆ ಚೈನು ಕಟಕಟ ಅನ್ನುತ್ತದೆ, ಕಾಲಿನ ಭಾರ ಬೀಳುವ ಮುಂಚೆಯೇ ಹಗುರ ಗೇರಿಗೆ ಬನ್ನಿ. ಇಳಿಯುವಾಗ ಎರಡೂ ಪೆಡಲ್ ಒಂದೇ ಮಟ್ಟಕ್ಕೆ ತಂದು ನಿಂತುಕೊಳ್ಳಿ, ಮೊಣಕೈ ಮಡಚಿರಲಿ, ಮೈ ಭಾರ ಸ್ವಲ್ಪ ಹಿಂದಕ್ಕೆ ಇರಲಿ, ಕಣ್ಣು ಮುಂದಿನ ಚಕ್ರದ ಮೇಲಲ್ಲ, ದೂರದ ತಿರುವಿನ ಮೇಲೆ. ಬ್ರೇಕನ್ನು ಉದ್ದಕ್ಕೂ ಹಿಡಿದುಕೊಂಡೇ ಬರಬೇಡಿ, ಡಿಸ್ಕು ಚರ್ಮ ಸುಡುವಷ್ಟು ಕಾಯುತ್ತದೆ, ಜಾಸ್ತಿ ಕಾದರೆ ಹಿಡಿತವೂ ಕಮ್ಮಿ. ಒತ್ತಿ, ಬಿಡಿ, ಮತ್ತೆ ಒತ್ತಿ. ವೇಗ ಇಳಿಸುವುದೆಲ್ಲ ತಿರುವಿಗೆ ಮುಂಚೆ, ತಿರುವಿನೊಳಗೆ ಅಲ್ಲ. ಒಣ ರಸ್ತೆಯಲ್ಲಿ ನಿಜವಾಗಿ ನಿಲ್ಲಿಸುವುದು ಮುಂದಿನ ಬ್ರೇಕೇ, ಹೆದರಿ ಅದನ್ನು ಬಿಟ್ಟುಬಿಡಬೇಡಿ. ಆದರೆ ಪಾಚಿ ಕಟ್ಟಿದ ಅಂಚಲ್ಲಿ, ಒದ್ದೆ ಸಿಲ್ವರ್ ಓಕ್ ಎಲೆಯ ಮೇಲೆ ಅದನ್ನು ಜೋರಾಗಿ ಹಿಡಿದರೆ ಮುಂದಿನ ಚಕ್ರ ಜಾರುತ್ತದೆ, ನೀವು ನೆಲದಲ್ಲಿರುತ್ತೀರಿ. ಶನಿವಾರ ಭಾನುವಾರ ಆ ದಾರಿಗೆ ಹೋಗಲೇಬೇಡಿ ಅನ್ನುವುದು ನನ್ನ ಅಭಿಪ್ರಾಯ. ಪ್ರವಾಸಿಗರ ಕಾರು ತಿರುವಿನಲ್ಲಿ ನಿಮ್ಮ ಬದಿಗೇ ಬರುತ್ತದೆ, ಮಂಜು ಇದ್ದರೆ ಕೇಳುವುದೇ ಬೇಡ. ಹಿಂದೆ ಒಂದು ಕೆಂಪು ಲೈಟು ಹಗಲಲ್ಲೂ ಉರಿಯುತ್ತಿರಲಿ.

ತೋಟದ ದಾರಿ ಚೆಂದ ನಿಜ, ಆದರೆ ಅದು ಯಾರದೋ ತೋಟ. ತೋಟದ ಕೆಲಸ ನೋಡಿಕೊಳ್ಳುವ ರೈಟರನ್ನು ಒಂದು ಮಾತು ಕೇಳಿ ಒಳಗೆ ಹೋಗಿ. ಕೊಯ್ಲಿನ ಸಮಯದಲ್ಲಿ ಬೇಡ, ಟ್ರ್ಯಾಕ್ಟರ್ ಓಡಾಡುತ್ತಿರುತ್ತದೆ. ಮೂಡಿಗೆರೆ, ಸಕಲೇಶಪುರ, ಆಲೂರು ಕಡೆ ಆದರೆ ಆನೆ ಎಲ್ಲಿದೆ ಅಂತ ಊರವರನ್ನು ವಿಚಾರಿಸಿಯೇ ಹೊರಡಿ, ನಸುಕಲ್ಲಿ ಮತ್ತು ಸಂಜೆ ಮೇಲೆ ಬೇಡ.

ನಮ್ಮ ಕಡೆ ಸೈಕಲ್ ಹಾಳಾಗುವುದು ಓಡಿಸಿ ಅಲ್ಲ, ಮಳೆಗಾಲದಲ್ಲಿ. ಕೆಸರಾಗಿ ಬಂದ ಸೈಕಲನ್ನು ವಾಟರ್ ಸರ್ವಿಸ್‌ಗೆ ಕೊಡಬೇಡಿ, ಆ ಒತ್ತಡಕ್ಕೆ ನೀರು ಬೇರಿಂಗ್ ಒಳಗೆ ನುಗ್ಗಿ ಗ್ರೀಸ್ ತೊಳೆದುಬಿಡುತ್ತದೆ. ಒಂದು ಬಕೆಟ್ ನೀರು, ಚೊಂಬು, ಹಳೇ ಬ್ರಷ್ ಸಾಕು. ಒರೆಸಿ, ಚೈನು ಒಣಗಿದ ಮೇಲೆ ಪ್ರತಿ ಕೊಂಡಿಗೆ ಒಂದೊಂದು ಹನಿ ಚೈನ್ ಲ್ಯೂಬ್ ಬಿಡಿ, ಪೆಡಲ್ ಹಿಂದಕ್ಕೆ ತಿರುಗಿಸಿ, ಐದು ನಿಮಿಷ ಬಿಟ್ಟು ಹೊರಗಿನದನ್ನೆಲ್ಲ ಒರೆಸಿ ತೆಗೆಯಿರಿ. ಎಣ್ಣೆ ಬೇಕಾಗಿರುವುದು ಒಳಗೆ, ಹೊರಗೆ ಉಳಿದದ್ದು ಮಣ್ಣು ಹಿಡಿಯುತ್ತದೆ. ನಮ್ಮಪ್ಪ ಒಂದು ಸಲ ಪ್ರೀತಿಯಿಂದ ಕೊಬ್ಬರಿ ಎಣ್ಣೆ ಹಾಕಿಟ್ಟಿದ್ದರು. ಡಿಸೆಂಬರ್ ಬೆಳಗ್ಗೆ ನೋಡಿದರೆ ಚೈನಿನ ಮೇಲೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಸುಟ್ಟ ಇಂಜಿನ್ ಆಯಿಲ್ ಕೂಡ ಬೇಡ.

ಚೈನು ಸವೆದಿದೆಯಾ ಅಂತ ಶಾಲೆಯ ಸ್ಕೇಲಲ್ಲೇ ನೋಡಬಹುದು. ಒಂದು ಪಿನ್ನಿನ ನಡುವಿಗೆ ಸೊನ್ನೆ ಇಟ್ಟರೆ 24 ಪಿನ್ ಆಚೆಯದು ಸರಿಯಾಗಿ 12 ಇಂಚಿಗೆ ಬರಬೇಕು. ಇಂಚಿನ ಹದಿನಾರನೇ ಒಂದು ಭಾಗ ದಾಟಿದರೆ ಚೈನು ಬದಲಿಸಿ, ಎಂಟನೇ ಒಂದು ಭಾಗದ ತನಕ ಬಿಟ್ಟರೆ ಹಿಂದಿನ ಹಲ್ಲುಚಕ್ರಗಳಿಗೂ ದುಡ್ಡು ಕೊಡಬೇಕಾಗುತ್ತದೆ. ಬ್ರೇಕ್ ಪ್ಯಾಡಿನಲ್ಲಿ ಲೋಹದ ತಗಡು ಬಿಟ್ಟು 1 ಮಿಲಿಮೀಟರಿಗಿಂತ ಕಡಿಮೆ ಉಳಿದಿದ್ದರೆ ಗಿರಿ ಕಡೆ ತಲೆ ಹಾಕಬೇಡಿ. ಕೆಸರಲ್ಲಿ ಇವು ಬಹಳ ಬೇಗ ಮುಗಿಯುತ್ತವೆ, ಜುಲೈ ಆಗಸ್ಟಲ್ಲಿ ವಾರಕ್ಕೊಮ್ಮೆ ನೋಡಿ.

ಇನ್ನೊಂದು ಜಾಗ ಯಾರೂ ನೋಡುವುದಿಲ್ಲ. ಸೀಟಿನ ಪೈಪು ಹೊರಗೆಳೆದು ಸೈಕಲನ್ನು ತಲೆಕೆಳಗೆ ಮಾಡಿ. ಕಳೆದ ಮಳೆಗಾಲ ಮುಗಿದಾಗ ನನ್ನ ಫ್ರೇಮಿನಿಂದ ಅರ್ಧ ಲೋಟ ಕೆಂಪು ನೀರು ಸುರಿಯಿತು, ಅಷ್ಟು ದಿನ ಕ್ರ್ಯಾಂಕ್ ತಿರುಗುವ ಬೇರಿಂಗ್ ಪಕ್ಕದಲ್ಲೇ ನಿಂತಿದ್ದದ್ದು. ಒಂದು ರಾತ್ರಿ ಹಾಗೇ ಒಣಗಲು ಬಿಟ್ಟು, ಪೈಪಿಗೆ ತೆಳ್ಳಗೆ ಗ್ರೀಸ್ ಸವರಿ, ಆ ಟೇಪಿನ ಗುರುತಿಗೆ ಸರಿಯಾಗಿ ಇಳಿಸಿ ಬಿಗಿ ಮಾಡಿ.