ದಿನಾ ಹಾಕುವ ನಿಶ್ಚಿತಾರ್ಥದ ಉಂಗುರ: ಹರಳಿಗಿಂತ ಮೊದಲು ಹಿಡಿತ ನೋಡಿ

ಉಂಗುರ ಕೊಳ್ಳಲು ಹೋದವರ ಕಣ್ಣು ಮೊದಲು ಬೀಳುವುದು ಹರಳಿನ ಮೇಲೆ. ಅಂಗಡಿಯ ದೀಪಗಳೂ ಅದಕ್ಕೇ ಇರೋದು, ಅಲ್ವಾ? ಆದರೆ ಪಾತ್ರೆ ತೊಳೆಯುವಾಗ, ಬ್ಯಾಗ್ ಎತ್ತುವಾಗ, ಬಾಗಿಲು ಎಳೆಯುವಾಗ ಜಾಸ್ತಿ ಏಟು ತಿನ್ನುವುದು ಲೋಹ. ಆಯ್ಕೆ ಅಲ್ಲಿಂದಲೇ ಶುರುವಾಗಲಿ.

24 ಕ್ಯಾರೆಟ್ ಚಿನ್ನ ತೀರಾ ಮೆತ್ತಗೆ. 22 ಕ್ಯಾರೆಟ್‌ನಲ್ಲೂ ಶೇ 91.6ರಷ್ಟು ಚಿನ್ನವೇ ಇರುತ್ತದೆ. ಹರಳಿಲ್ಲದ ಸಾದಾ ಉಂಗುರಕ್ಕೆ ಅದು ನಡೆಯುತ್ತದೆ, ಹರಳನ್ನು ವರ್ಷಗಟ್ಟಲೆ ಬಿಗಿಯಾಗಿ ಹಿಡಿಯಲು ಸಾಲದು. 18 ಅಥವಾ 14 ಕ್ಯಾರೆಟ್ ತೆಗೆದುಕೊಳ್ಳಿ. ಒಳಮೈಯಲ್ಲಿ 750 ಅಥವಾ 585 ಎಂಬ ಮುದ್ರೆ (ಸಾವಿರ ಭಾಗದಲ್ಲಿ ಅಷ್ಟು ಚಿನ್ನ ಎಂದರ್ಥ) ಇದೆಯಾ ನೋಡಿ. ಬಿಳಿ ಚಿನ್ನದ ಹೊಳಪು ಸಾಮಾನ್ಯವಾಗಿ ಮೇಲಿನ ರೋಡಿಯಂ ಎಂಬ ಬಿಳಿ ಲೋಹದ ಲೇಪದ್ದು. ಅದು ಸವೆದಾಗ ಮತ್ತೆ ಹಾಕಿಸಬೇಕು. ಪ್ಲಾಟಿನಂ ಮೇಲೂ ಗೀರು ಬೀಳುತ್ತದೆ. ಆದರೆ ಲೋಹ ಉದುರಿಹೋಗುವುದು ಕಡಿಮೆ, ಪಕ್ಕಕ್ಕೆ ಸರಿಯುತ್ತದೆ ಅಷ್ಟೆ.

ಆಮೇಲೆ ಹರಳು. ಮೋಸ್ ಗಡಸುತನದ ಮಾಪಕದಲ್ಲಿ ವಜ್ರ 10, ನೀಲ ಮತ್ತು ಮಾಣಿಕ್ಯ 9. ಧೂಳಿನಲ್ಲಿರುವ ಕ್ವಾರ್ಟ್ಜ್ ಕಣ 7. ಅದಕ್ಕಿಂತ ಮೆತ್ತಗಿನ ಕಲ್ಲನ್ನು ಸುಮ್ನೆ ಒರೆಸಿದರೂ ಸಣ್ಣ ಗೀರು ಬಿದ್ದು ಮಂಕಾಗುತ್ತದೆ. ಹಾಗಾಗಿ ಮುತ್ತು, ಓಪಲ್ ದಿನಬಳಕೆಗೆ ಬೇಡ. ಪಚ್ಚೆ 7ಕ್ಕಿಂತ ಮೇಲಿದ್ದರೂ ಅದರೊಳಗೆ ಸಾಮಾನ್ಯವಾಗಿ ಸಣ್ಣ ಬಿರುಕುಗಳಿರುತ್ತವೆ, ಏಟು ತಡೆಯದು. ವಜ್ರಕ್ಕೂ ಗೀರು ಬೀಳದಿದ್ದ ಮಾತ್ರಕ್ಕೆ ಒಡೆಯುವುದೇ ಇಲ್ಲ ಎಂದಲ್ಲ. ಚೂಪಾದ ಮೂಲೆ ಚಕ್ಕೆ ಏಳಬಹುದು.

ಈಗ ಹಿಡಿತ. ಇಲ್ಲಿ ಅವಸರ ಮಾಡಬೇಡಿ. ಭೂತಗನ್ನಡಿ ಕೇಳಿ ಪಡೆಯಿರಿ. ಕೊಟ್ಟವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ, ಮಾಡಿಕೊಂಡರೆ ಬೇರೆ ಅಂಗಡಿ ನೋಡಿ. ಹರಳನ್ನು ಹಿಡಿದಿರುವ ಕೊಕ್ಕೆಗಳೆಲ್ಲ ಒಂದೇ ದಪ್ಪ ಇವೆಯಾ? ತುದಿ ಹರಳಿನ ಮೇಲೆ ಪೂರ್ತಿ ಕೂತಿದೆಯಾ, ನಡುವೆ ಸಂದಿ ಕಾಣುತ್ತಿದೆಯಾ? ತೆಳು ಬಟ್ಟೆಯ ಮೇಲೆ ಉಂಗುರವನ್ನು ಮೆಲ್ಲಗೆ ಎಳೆಯಿರಿ. ನೂಲು ಸಿಕ್ಕಿಕೊಂಡರೆ ಯಾವುದೋ ತುದಿ ಎದ್ದಿದೆ. ಕಿವಿಯ ಹತ್ತಿರ ಹಿಡಿದು ಬೆರಳಿಂದ ತಟ್ಟಿ. ಟಿಕ್ ಟಿಕ್ ಸದ್ದು ಬಂದರೆ ಹರಳು ಸಡಿಲ.

ನಾಲ್ಕು ಕೊಕ್ಕೆಗಿಂತ ಆರು ವಾಸಿ. ಒಂದು ಬಾಗಿದರೂ ಉಳಿದವು ಹಿಡಿದಿರುತ್ತವೆ. ಚೂಪು ಮೂಲೆಯ ಹರಳಾದರೆ ಮೂಲೆಯನ್ನು ಮುಚ್ಚುವ ವಿ ಆಕಾರದ ಕೊಕ್ಕೆ ಬೇಕು. ಕೈಕೆಲಸ ಜಾಸ್ತಿ ಇರುವವರಿಗೆ ನನ್ನ ಓಟು ಹರಳಿನ ಸುತ್ತ ಲೋಹದ ಅಂಚು ಕಟ್ಟಿದ ವಿನ್ಯಾಸಕ್ಕೆ. ಹೊಳಪು ತುಸು ಕಡಿಮೆ ಕಾಣಬಹುದು, ಆದರೆ ಬಟ್ಟೆಗೆ ಸಿಕ್ಕಿಕೊಳ್ಳುವುದಿಲ್ಲ.

ಉಂಗುರವನ್ನು ತಿರುಗಿಸಿ ಅಂಗೈ ಕಡೆಯ ಭಾಗ ನೋಡಿ. ತೂಕ ಉಳಿಸಲು ಕೆಲವರು ಅಲ್ಲಿ ತೆಳ್ಳಗೆ ಮಾಡುತ್ತಾರೆ, ಇಲ್ಲವೇ ಒಳಗೆ ಟೊಳ್ಳು ಬಿಡುತ್ತಾರೆ. ಸವೆಯುವುದು, ಬಾಗುವುದು ಅಲ್ಲೇ. ದಪ್ಪ 1.5 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಬೇಡ.

ಅಳತೆಯನ್ನು ಬೆರಳು ಬೆಚ್ಚಗಿರುವಾಗ ಕೊಡಿ, ಚಳಿಯಲ್ಲಿ ಬೆರಳು ಸಣ್ಣಗಾಗುತ್ತದೆ. ಸುತ್ತಲೂ ಹರಳಿರುವ ಉಂಗುರದ ಅಳತೆಯನ್ನು ಆಮೇಲೆ ಬದಲಿಸುವುದು ಕಷ್ಟ.

ಕೊಂಡ ಮೇಲೆ ವರ್ಷಕ್ಕೊಮ್ಮೆ ಅಕ್ಕಸಾಲಿಗರ ಹತ್ತಿರ ಕೊಕ್ಕೆಗಳನ್ನು ಪರೀಕ್ಷೆ ಮಾಡಿಸಿ. ಈಜುಕೊಳಕ್ಕೆ ಇಳಿಯುವಾಗ, ಬ್ಲೀಚ್ ಮುಟ್ಟುವಾಗ ಉಂಗುರ ತೆಗೆದಿಡಿ. ಕ್ಲೋರಿನ್ ಮಿಶ್ರಲೋಹದ ಚಿನ್ನವನ್ನು ಒಳಗೊಳಗೇ ದುರ್ಬಲ ಮಾಡುತ್ತದೆ, ಅದರಲ್ಲೂ ಬಿಳಿ ಚಿನ್ನದ ಕೊಕ್ಕೆಗಳನ್ನು.