ಕೂರುವ ಮುಂಚೆ ಕುರ್ಚಿ ಅಲ್ಲಾಡಿಸಿ

ನಾನು ನಾಟಕದವಳು, ದಪ್ಪ ಹೆಂಗಸು. ಇಪ್ಪತ್ತು ತುಂಬುವ ಮೊದಲೇ ತಾಯಿ, ಅತ್ತೆ, ಜಗಳಗಂಟಿ ಪಕ್ಕದ್ಮನೆಯವಳು ಇಂಥ ಪಾತ್ರಗಳೇ ನನ್ನ ಪಾಲಿಗೆ ಬಂದವು. ನಾಯಕಿ ಪಾತ್ರ ಕೇಳಿದರೆ ಯಾರೂ ಬೈಯುತ್ತಿರಲಿಲ್ಲ, ನಗುತ್ತಿದ್ದರು. ಆ ಸಿಟ್ಟು ಈಗ ಹಳೆಯದಾಗಿದೆ. ನನಗೆ ಕುತೂಹಲ ಇರುವುದು ತೆಳ್ಳಗಿರುವವರ ಬಗ್ಗೆ. ಅವರಿಗೆ ದಿನವೂ ಸಿಗುವ ಸಣ್ಣಪುಟ್ಟ ಅನುಕೂಲಗಳಿವೆ. ಥಿನ್ ಪ್ರಿವಿಲೇಜ್ ಅಂತ ಕರೆಯುತ್ತಾರೆ. ಅದು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಭಾಷಣ ಮಾಡಿದರೂ ಬೀಳುವುದಿಲ್ಲ. ಅವರ ಮೈಯಿಂದಲೇ ಏನಾದರೂ ಮಾಡಿಸಿದರೆ ಬೀಳಬಹುದಾ ಅಂತ ನೋಡಬೇಕಿತ್ತು. ಅದಕ್ಕೇ ಪ್ರೇಕ್ಷಕರೇ ಆಡುವಂಥ ಒಂದು ಪ್ರಯೋಗ ಕಟ್ಟಲು ಹೊರಟೆ.

ನೋಡುಗರನ್ನೇ ಒಳಗೆ ಎಳೆದುಕೊಳ್ಳುವ ಪರ್ಫಾರ್ಮೆನ್ಸ್ ಕಲೆ ಹೊಸದೇನಲ್ಲ. 1977ರಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಮರಿನಾ ಅಬ್ರಮೊವಿಚ್ ಮತ್ತು ಉಲಾಯ್ ಅನ್ನುವ ಕಲಾವಿದರಿಬ್ಬರು ಗ್ಯಾಲರಿಯ ಬಾಗಿಲಲ್ಲಿ ಎದುರುಬದುರಾಗಿ ಬೆತ್ತಲೆ ನಿಂತರು. ಒಳಗೆ ಹೋಗುವವರು ಅಡ್ಡ ತಿರುಗಿ ಇಬ್ಬರ ನಡುವೆ ನುಸುಳಬೇಕಿತ್ತು. ಯಾರ ಕಡೆ ಮುಖ ಮಾಡಿ ನುಸುಳುತ್ತಾರೆ ಅನ್ನುವುದೇ ಅದರ ಸ್ವಾರಸ್ಯ. ಮಾತಾಡುವವರೆಲ್ಲ ಬೆತ್ತಲೆಯ ಬಗ್ಗೆಯೇ ಮಾತಾಡುತ್ತಾರೆ. ಫೋಟೋ ನೋಡಿದಾಗ ನನ್ನ ಕಣ್ಣು ಹೋದದ್ದು ಆ ಸಂದಿಯ ಅಗಲಕ್ಕೆ. ನಾನು ಇದರಲ್ಲಿ ಹೋಗ್ತೀನಾ? 2023ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಇದನ್ನು ಮತ್ತೆ ಮಾಡಿದಾಗ ಬೇರೆ ದಾರಿಯೂ ಇತ್ತಂತೆ. ಒಳ್ಳೆಯದೇ. ಆದರೆ ನನಗೆ ಬೇಕಾದ ವಿಷಯ ಆ ಸಂದಿಯಲ್ಲೇ ಇತ್ತು.

ಗೆಳೆಯರು ಮೊದಲು ಹೇಳಿದ್ದು ಪ್ರಿವಿಲೇಜ್ ವಾಕ್ ಮಾಡಿಸು ಅಂತ. ಎಲ್ಲರೂ ಸಾಲಾಗಿ ನಿಲ್ಲುವುದು, 'ನಿನಗೆ ಅಂಗಡಿಯಲ್ಲಿ ಬಟ್ಟೆ ಸಿಗುತ್ತಾ?' ಅಂದಾಗ ಹೌದು ಅನ್ನುವವರು ಒಂದು ಹೆಜ್ಜೆ ಮುಂದೆ ಇಡುವುದು. ನಾನು ಒಪ್ಪಲಿಲ್ಲ. ಕೊನೆಗೆ ದಪ್ಪಗಿರುವ ನಾಲ್ಕು ಜನ ಹಿಂದೆ ಉಳಿಯುತ್ತಾರೆ, ಮುಂದಿರುವವರೆಲ್ಲ ತಿರುಗಿ ಅವರನ್ನು ನೋಡುತ್ತಾರೆ. ಇದನ್ನು ಬಸ್‌ಸ್ಟಾಪಿನಲ್ಲಿ ಪುಕ್ಕಟೆಯಾಗಿ ಅನುಭವಿಸಿದ್ದೇವೆ. ಇನ್ನೊಬ್ಬರು, ತೆಳ್ಳಗಿರುವವರ ಮೈಗೆ ಸ್ಪಂಜು ಕಟ್ಟಿ ಓಡಾಡಿಸೋಣ ಅಂದರು. ಅದೂ ಬೇಡ ಅಂದೆ. ಹತ್ತು ನಿಮಿಷ ಬೆವರಿ, ಬಿಚ್ಚಿಟ್ಟು, 'ಅಯ್ಯೋ ಪಾಪ, ಎಷ್ಟು ಕಷ್ಟ ನಿಮಗೆ' ಅನ್ನುತ್ತಾರೆ ಅಷ್ಟೇ. ಕಷ್ಟ ಮೈಯದ್ದು ಅಂತಲೇ ಅವರು ತಿಳಿಯುತ್ತಾರೆ. ಆಗ ಕುರ್ಚಿ ಮಾಡಿದವನು, ಸೀಟು ಅಳೆದವನು ಎಲ್ಲ ಬಚಾವ್.

ಹಾಗಾಗಿ ಒಂದೇ ನಿಯಮ ಇಟ್ಟುಕೊಂಡೆ. ಇಲ್ಲಿ ದಪ್ಪ ಇರುವವರು ನೋಡುವ ವಸ್ತು ಆಗಬಾರದು, ಕೆಲಸವೆಲ್ಲ ತೆಳ್ಳಗಿರುವವರೇ ಮಾಡಬೇಕು.

ಶಾಮಿಯಾನದ ಅಂಗಡಿಯಿಂದ ಪ್ಲಾಸ್ಟಿಕ್ ಕುರ್ಚಿ ತರಿಸಿದೆ. ಎರಡೂ ಕಡೆ ಕೈ ಇರುವಂಥವು. ಮದುವೆಮನೆಯಲ್ಲಿ ನನ್ನಂಥವರ ಸೊಂಟ ಹಿಡಿದುಕೊಂಡು, ಏಳುವಾಗ ಜೊತೆಗೇ ಎದ್ದು ಬರುತ್ತವಲ್ಲ, ಅವೇ. ಬಾಗಿಲಲ್ಲಿ ಒಬ್ಬೊಬ್ಬರಿಗೂ ಒಂದು ಚೀಟಿ ಕೊಟ್ಟೆವು. ಕೂರುವ ಮುಂಚೆ ಕುರ್ಚಿಯ ನಾಲ್ಕೂ ಕಾಲು ನೋಡಿ. ಬಿರುಕಿದೆಯಾ ಅಂತ ಬೆರಳಲ್ಲಿ ಸವರಿ. ಅಲ್ಲಾಡಿಸಿ. ಅನುಮಾನ ಬಂದರೆ ಇನ್ನೊಂದು ಕುರ್ಚಿ ತಂದು ಇದರ ಮೇಲೆ ಹಾಕಿಕೊಳ್ಳಿ. ಪಕ್ಕದವರನ್ನು 'ಇದು ತಡೆಯುತ್ತಾ?' ಅಂತ ಜೋರಾಗಿ ಕೇಳಿ. ಕೂತ ಮೇಲೆ ತುದಿಯಲ್ಲೇ ಇರಿ, ಭಾರವನ್ನೆಲ್ಲ ಕಾಲಿನ ಮೇಲೆ ಬಿಡಿ. ದಪ್ಪಗಿರುವವರಿಗೆ ಚೀಟಿ ಇಲ್ಲ. ಅವರಿಗೆ ಪಕ್ಕದಲ್ಲಿ ಅಗಲವಾದ ಮರದ ಬೆಂಚು, ಕೈಯಲ್ಲಿ ಟೀ. ಸುಮ್ನೆ ನೋಡುತ್ತಾ ಕೂರಬಹುದು. ಬಂದರೆ ಇದೆಲ್ಲ ಇರುತ್ತೆ ಅಂತ ಅವರಿಗೆ ಮೊದಲೇ ಫೋನಿನಲ್ಲಿ ಹೇಳಿದ್ದೆ. ಬರಲ್ಲ ಅಂದವರನ್ನು ಒತ್ತಾಯ ಮಾಡಲಿಲ್ಲ.

ಮೊದಲು ನಗು. ಆಮೇಲೆ ನಾನು ಬೇಕಂತಲೇ ಎಲ್ಲರನ್ನೂ ಎಬ್ಬಿಸಿ ಜಾಗ ಬದಲಾಯಿಸಿದೆ. ಹೊಸ ಕುರ್ಚಿ, ಮತ್ತೆ ಅದೇ ಪರೀಕ್ಷೆ. ಮತ್ತೆ ಎಬ್ಬಿಸಿದೆ. ನಗು ಹೋಗಿ ಕಿರಿಕಿರಿ ಶುರುವಾಯಿತು. ತೆಳ್ಳಗಿನ ಹುಡುಗನೊಬ್ಬ ಕೇಳಿದ: 'ಮೇಡಂ, ಇದನ್ನ ದಿನಾ ಮಾಡ್ತೀರಾ?'

'ಹೊಸ ಜಾಗಕ್ಕೆ ಹೋದಾಗೆಲ್ಲ ಮಾಡ್ತೀನಪ್ಪ. ಆದರೆ ಯಾರಿಗೂ ಗೊತ್ತಾಗದ ಹಾಗೆ.'

'ನಾನು ಇಷ್ಟು ವರ್ಷ ಯಾವ ಕುರ್ಚಿಯನ್ನೂ ನೋಡೇ ಇಲ್ಲ' ಅಂದ. ಬೆಂಚಿನ ಮೇಲಿದ್ದವರು ಗೊಳ್ಳೆಂದು ನಕ್ಕರು. ನನಗೆ ಬೇಕಾದದ್ದು ಅದೇ ಮಾತು. ಲೆಕ್ಕ ಹಾಕದೆ ಕೂರುವುದು ಒಂದು ಅನುಕೂಲ ಅಂತ ಅವನಿಗೆ ನಾನು ಹೇಳಿಕೊಡಬೇಕಾಗಲಿಲ್ಲ.

ಎರಡನೇ ಭಾಗದಲ್ಲಿ ಜಗಳ ಆಗುತ್ತೆ ಅಂತ ಗೊತ್ತಿತ್ತು. ಮೈಯ ಬಗ್ಗೆ ಕೇಳಿಸಿಕೊಂಡ ಮಾತುಗಳನ್ನು ಎಲ್ಲರೂ ಚೀಟಿಯಲ್ಲಿ ಬರೆದು ಡಬ್ಬಕ್ಕೆ ಹಾಕಬೇಕು, ಯಾರದೋ ಚೀಟಿಯನ್ನು ಇನ್ಯಾರೋ ಓದಬೇಕು. 'ಡುಮ್ಮಿ', 'ಇನ್ನೊಂದು ಚಪಾತಿ ಬೇಕಾ ನಿಂಗೆ?' ಬಂದವು. ಜೊತೆಗೆ 'ಕಡ್ಡಿ', 'ಗಾಳಿ ಬಂದ್ರೆ ಹಾರಿಹೋಗ್ತೀಯ', 'ಮನೇಲಿ ಊಟ ಹಾಕಲ್ವಾ?' ಕೂಡ ಬಂದವು. ಒಬ್ಬಾಕೆ ಎದ್ದು, 'ನೋಡಿ, ನಮಗೂ ಅಂತಾರೆ. ಯಾವ ಪ್ರಿವಿಲೇಜು?' ಅಂದಳು. ಕಣ್ಣಲ್ಲಿ ನೀರಿತ್ತು. ಅವಳ ನೋವು ಸುಳ್ಳಲ್ಲ, ಅಲ್ವಾ?

ವಾದ ಮಾಡಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಚೀಟಿ ಓದಿದ ಮೇಲೆ, ಆ ಮಾತು ಕೇಳಿಸಿಕೊಂಡವರಿಗೆ ಬರೀ ನೋವಾಗಿದ್ದರೆ ಚೀಟಿ ಗೆರೆಯ ಈ ಕಡೆ. ಮಾತಿನ ಜೊತೆಗೆ ಏನಾದರೂ ಕೈತಪ್ಪಿದ್ದರೆ, ಅಂದರೆ ಕೆಲಸ, ಸೀಟು, ಪಾತ್ರ, ಸಂಬಂಧ, ಸರಿಯಾದ ಚಿಕಿತ್ಸೆ, ಆಗ ಆ ಕಡೆ. ಎಲ್ಲಿಡಬೇಕು ಅನ್ನುವುದನ್ನು ಗುಂಪೇ ಚರ್ಚೆ ಮಾಡಿ ತೀರ್ಮಾನಿಸಿತು. 'ಕಡ್ಡಿ' ಅನ್ನಿಸಿಕೊಂಡವರ ಒಂದು ಚೀಟಿಯೂ ಆ ಕಡೆ ಹೋಯಿತು. ಪೊಲೀಸ್ ಕೆಲಸಕ್ಕೆ ಹೋಗಿ ಎದೆಯ ಅಳತೆ ಸಾಲದೆ ವಾಪಸ್ ಬಂದವರದು. ಅದು ನ್ಯಾಯವೇ. ಉಳಿದಂತೆ ಆ ಕಡೆಯ ರಾಶಿಯಲ್ಲಿ ದಪ್ಪಗಿರುವವರ ಚೀಟಿಗಳೇ ಜಾಸ್ತಿ. ಆಕೆ ಎರಡೂ ರಾಶಿ ನೋಡಿದಳು, ಏನೂ ಹೇಳಲಿಲ್ಲ. ಒಪ್ಪಿದಳೋ ಇಲ್ಲವೋ ನಾನು ಕೇಳಲಿಲ್ಲ.

ಮೂರನೆಯದು ಫೋರಂ ಥಿಯೇಟರ್. ಬ್ರೆಜಿಲ್‌ನ ನಾಟಕಕಾರ ಅಗಸ್ಟೋ ಬೋಲ್ 1970ರ ದಶಕದಲ್ಲಿ ಕಟ್ಟಿದ ಪದ್ಧತಿ. ಪಶ್ಚಿಮ ಬಂಗಾಳದ ಜನ ಸಂಸ್ಕೃತಿ ತಂಡ ಇದನ್ನು ಹಳ್ಳಿಗಳಿಗೆ ಒಯ್ದಿದೆ. ಅನ್ಯಾಯದ ಒಂದು ದೃಶ್ಯ ಆಡಿ, ಮತ್ತೆ ಮೊದಲಿಂದ ಆಡುವುದು. ಯಾರು ಬೇಕಾದರೂ 'ನಿಲ್ಸಿ' ಅಂತ ಕೂಗಿ, ಅನ್ಯಾಯ ಆದವರ ಜಾಗಕ್ಕೆ ಬಂದು ಬೇರೆ ದಾರಿ ತೋರಿಸಬಹುದು. ನಮ್ಮ ದೃಶ್ಯ ಕ್ಲಿನಿಕ್ಕಿನದು. ಮೆಟ್ಟಿಲು ಜಾರಿ ಬಿದ್ದ ದಪ್ಪ ರೋಗಿಯ ಮೊಣಕಾಲು ಊದಿದೆ. ಡಾಕ್ಟರು ಕಾಲು ಮುಟ್ಟುವುದೂ ಇಲ್ಲ, 'ಮೊದ್ಲು ತೂಕ ಇಳಿಸಿ' ಅಂತ ಚೀಟಿ ಹರಿದು ಕೊಡುತ್ತಾರೆ.

ತೆಳ್ಳಗಿನ ಒಬ್ಬರು ಜೋರಾಗಿ ಬಂದು ಕೂತರು. 'ಸರ್, ಕಾಲು ನೋಡಿ' ಅಂತ ಗಟ್ಟಿಯಾಗಿ ಅಂದರು. ಡಾಕ್ಟರ ಪಾತ್ರ ಮಾಡುತ್ತಿದ್ದ ನಮ್ಮ ಹುಡುಗ ತಕ್ಷಣ ಬಗ್ಗಿ ನೋಡಿಬಿಟ್ಟ! ನಾನು ಅಲ್ಲೇ ನಿಲ್ಲಿಸಿ ಬೆಂಚಿನವರನ್ನು ಕೇಳಿದೆ: 'ನೀವು ಹೀಗೇ ಅಂದಿದ್ರೆ ನೋಡ್ತಿದ್ರಾ?' ಇಲ್ಲ ಅಂದರು. ಬರೀ ಧೈರ್ಯದ ಮಾತಾಗಿದ್ದರೆ ನಾವು ಯಾವತ್ತೋ ಗೆಲ್ಲುತ್ತಿದ್ದೆವು. ಹುಡುಗ ಯಾಕೆ ಬಗ್ಗಿದ ಅನ್ನುವುದರ ಮೇಲೇ ಮುಂದಿನ ಚರ್ಚೆಯೆಲ್ಲ ನಡೆಯಿತು. ಬರೆದು ಆಡಿಸಿದ್ದರೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಪ್ರೇಕ್ಷಕರಲ್ಲಿ ನಿಜವಾದ ಡಾಕ್ಟರೂ ಒಬ್ಬರಿದ್ದರು. 'ಭಾರ ಮೊಣಕಾಲಿಗೆ ಕೆಟ್ಟದ್ದೇ, ನಮ್ಮಲ್ಲಿ ಬಿಎಂಐ 23 ದಾಟಿದರೇ ಜಾಸ್ತಿ ತೂಕ' ಅಂದರು. ಬಿಎಂಐ ಅಂದರೆ ಎತ್ತರಕ್ಕೆ ತಕ್ಕಂತೆ ತೂಕ ಅಳೆಯುವ ಲೆಕ್ಕ. ಬೆಲ್ಜಿಯಂನ ಗಣಿತಜ್ಞ ಕೆಟ್ಲೆ 1830ರ ದಶಕದಲ್ಲಿ ಆ ಸೂತ್ರ ಮಾಡಿದ್ದು ಜನಸಮೂಹದ ಸರಾಸರಿ ತಿಳಿಯಲು, ಒಬ್ಬ ರೋಗಿಯನ್ನು ನೋಡಲು ಅಲ್ಲ ಅಂತ ಹೇಳಬಹುದಿತ್ತು. ಅದು ಬೇಕಾಗಲಿಲ್ಲ. ತೂಕಕ್ಕೂ ಮೊಣಕಾಲಿಗೂ ಸಂಬಂಧವೇ ಇಲ್ಲ ಅಂತ ನಮ್ಮ ದೃಶ್ಯ ಹೇಳುತ್ತಿಲ್ಲ, ಬಿದ್ದ ಕಾಲನ್ನು ನೋಡಿದಿರಾ ಅಂತ ಕೇಳುತ್ತಿದೆ ಅಂದೆ. 'ನೀವೇ ಬನ್ನಿ' ಅಂತ ಕರೆದೆ. ಅನ್ಯಾಯ ಮಾಡುವವರ ಪಾತ್ರವನ್ನು ಬದಲಿಸಬಾರದು ಅನ್ನುವುದು ಬೋಲ್ ಪದ್ಧತಿಯ ರೂಢಿ. ಬೇಕಂತಲೇ ಮುರಿದೆ. ಅವರು ಬಂದು ಕೂತು, ಮೊದಲು ಕಾಲು ಒತ್ತಿ ನೋಡಿ, ಎಕ್ಸ್‌ರೇ ಬರೆದು, ಆಮೇಲೆ ತೂಕದ ಮಾತು ತೆಗೆದರು. ಅಷ್ಟು ಮಾಡಲು ಎರಡು ನಿಮಿಷ ಸಾಕಾಯಿತು.

ಈಗ ಬಟ್ಟೆ ಅಂಗಡಿಯ ದೃಶ್ಯ ಕಟ್ಟುತ್ತಿದ್ದೇವೆ. ಅಂಗಡಿಯವಳ ಪಾತ್ರಕ್ಕೆ ಜನ ಇದ್ದಾರೆ. 'ನಿಮ್ಮ ಸೈಜ್ ಇಲ್ಲ ಮೇಡಂ' ಅನ್ನುವಾಗ ಆ ದನಿ ಹೇಗಿರಬೇಕು ಅನ್ನುವುದರ ಮೇಲೆ ಬೆಂಚಿನವರಲ್ಲಿ ಇನ್ನೂ ಒಮ್ಮತ ಬಂದಿಲ್ಲ. ಕೆಲವರು ತಾತ್ಸಾರ ಇರಲಿ ಅನ್ನುತ್ತಾರೆ. ನನ್ನ ಪ್ರಕಾರ ತುಂಬಾ ನಯವಾಗಿರಬೇಕು.