ಝೆನಾನ್ ಪಿಕಪ್ಪಿನ ಮೂತಿ ಎತ್ತುವುದು: ದುಡ್ಡು ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ಟಾಟಾ ಝೆನಾನ್ ಪಿಕಪ್ಪಿನ ಮುಂಭಾಗ ಒಂದೂವರೆ ಇಂಚು ಎತ್ತರಿಸೋಕೆ ಬೇಕಾದ ಸಾಮಾನು ಗಾಡಿಯ ಜೊತೆಗೇ ಬಂದಿರುತ್ತೆ. ಎರಡೇ ಬೋಲ್ಟು. ಕ್ಯಾಬಿನ್ನಿನ ಕೆಳಗೆ, ಚಾಸಿಯ ಅಡ್ಡಪಟ್ಟಿಯ (ಅಡ್ಡ ಮೆಂಬರ್) ಹತ್ತಿರ, ಕೆಸರು ಮೆತ್ತಿಕೊಂಡು ತುಕ್ಕು ಹಿಡಿದು ಕೂತಿರುತ್ತವೆ. ಇದು ಗೊತ್ತಿಲ್ಲದೆ ಬೆಂಗಳೂರಿನಿಂದ ಸಾವಿರಾರು ರೂಪಾಯಿಯ 'ಲಿಫ್ಟ್ ಕಿಟ್' ತರಿಸಿದವರು ನಮ್ಮ ಸಕಲೇಶಪುರದ ಕಡೆಯೇ ಇದ್ದಾರೆ. ಅದಕ್ಕೇ ಇದನ್ನು ಬರೆಯೋಣ ಅನ್ನಿಸಿತು.

ನನ್ನದು ಸೆಕೆಂಡ್ ಹ್ಯಾಂಡ್ ಝೆನಾನ್, ಫೋರ್ ಬೈ ಫೋರ್. ತೋಟದ ರಸ್ತೆಯಲ್ಲಿ ಮಳೆನೀರು ಹಾಯೋಕೆ ಅಡ್ಡಡ್ಡ ಕಪ್ಪು (ಸಣ್ಣ ಕಾಲುವೆ) ತೆಗೆದಿರುತ್ತೀವಲ್ಲ, ಅಲ್ಲಿ ಇಳಿದು ಹತ್ತುವಾಗ ಮುಂದಿನ ತಳ ಕರ್ ಅಂತ ಉಜ್ಜುತ್ತಿತ್ತು. ಹನ್ನೆರಡು ಹದಿಮೂರು ವರ್ಷ ದುಡಿದ ಗಾಡಿ, ಮೂತಿ ಜಗ್ಗಿತ್ತು. ನನಗೆ ಬೇಕಾಗಿದ್ದು ಷೋಕಿ ಅಲ್ಲ, ಆ ಉಜ್ಜಾಟ ನಿಲ್ಲಬೇಕಿತ್ತು ಅಷ್ಟೇ.

ಮೊದಲು ಆಸೆಗೆ ಒಂದು ಮಿತಿ ಹಾಕಿಕೊಳ್ಳಿ. ಮುಂಭಾಗ ಎತ್ತಿದರೆ ಚಾಸಿ, ಬಂಪರ್, ಇಂಜಿನ್ ತಳ ಮೇಲೇಳುತ್ತೆ. ಹಿಂದಿನ ಆಕ್ಸಲ್ಲಿನ ಡಿಫರೆನ್ಷಿಯಲ್ ಗುಂಡು (ಚಕ್ರಗಳಿಗೆ ಶಕ್ತಿ ಹಂಚುವ ಗೇರಿನ ಡಬ್ಬಿ) ಒಂದು ಕೂದಲೆಳೆಯಷ್ಟೂ ಏಳಲ್ಲ. ಗಾಡಿಯ ತೀರಾ ತಗ್ಗಿನ ಜಾಗ ಬಹಳ ಸಲ ಅದೇ. ಅದನ್ನು ಎತ್ತೋಕೆ ಟೈರ್ ದೊಡ್ಡದು ಮಾಡೋದು ಬಿಟ್ಟು ಬೇರೆ ದಾರಿ ಇಲ್ಲ. ಅದರ ಲೆಕ್ಕವೂ ಕೇಳಿ: 235/70 ಆರ್16 ತೆಗೆದು 245/70 ಹಾಕಿದರೆ ಆಕ್ಸಲ್ ಏಳೋದು ಬರೀ 7 ಮಿಲಿಮೀಟರ್. 235/75 ಹಾಕಿದರೆ ಸುಮಾರು 12. ನಾಲ್ಕು ಟೈರಿನ ದುಡ್ಡು ಕೊಟ್ಟು ಅರ್ಧ ಇಂಚೂ ಸಿಗಲ್ಲ. ಹಾಗಾಗಿ ಟೈರ್ ಸವೆದು ಹೇಗೂ ಬದಲಾಯಿಸುವ ಕಾಲ ಬರೋತನಕ ಆ ಯೋಚನೆ ಬಿಡಿ.

ಪಾನಾ ಹಿಡಿಯೋ ಮುಂಚೆ ಮುಂದೆ ತಗುಲಿಸಿದ ಭಾರ ಇಳಿಸಿ. ನನ್ನ ಗಾಡಿಗೆ ಹಳೇ ಮಾಲೀಕರು ದಪ್ಪ ಪೈಪಿನ ಬುಲ್‌ಬಾರ್ ಹಾಕಿಸಿದ್ದರು. ಬಿಚ್ಚಿ ಶೆಡ್ಡಿಗೆ ಸಾಗಿಸೋಕೆ ಇಬ್ಬರು ಬೇಕಾದರು. ಅದು ಆಕ್ಸಲ್ಲಿಗಿಂತ ಮುಂದಕ್ಕೆ ಚಾಚಿಕೊಂಡಿರೋದರಿಂದ ಅದರ ಒತ್ತಡ ಅದರ ತೂಕಕ್ಕಿಂತ ಜಾಸ್ತಿ ಬೀಳುತ್ತೆ. ಬಿಚ್ಚಿದ ಮೇಲೆ ಮೂತಿ ತಾನಾಗಿಯೇ ಕಣ್ಣಿಗೆ ಕಾಣುವಷ್ಟು ಎದ್ದಿತು, ಖರ್ಚು ಸೊನ್ನೆ. ಬುಲ್‌ಬಾರ್ ವಿರುದ್ಧ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು, ಆ ತಲೆನೋವೂ ತಪ್ಪಿತು.

ಈಗ ಬೋಲ್ಟಿನ ವಿಷಯ. ನನ್ನ ಝೆನಾನ್‌ನ ಮುಂದೆ ಸುರುಳಿ ಸ್ಪ್ರಿಂಗ್ ಇಲ್ಲ, ಟಾರ್ಷನ್ ಬಾರ್ ಇದೆ. ಒಂದು ತುದಿ ಚಕ್ರವನ್ನು ಹಿಡಿದಿರುವ ತೋಳಿಗೆ (ಆರ್ಮ್), ಇನ್ನೊಂದು ತುದಿ ಚಾಸಿಗೆ ಸಿಕ್ಕಿಸಿದ ಉದ್ದನೆ ಉಕ್ಕಿನ ಸರಳು. ಚಕ್ರ ಮೇಲಕ್ಕೆ ಹೋದಾಗ ಸರಳು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತೆ, ಬಿಟ್ಟಾಗ ವಾಪಸ್ ಬರುತ್ತೆ. ಚಾಸಿ ಕಡೆಯ ತುದಿಯಲ್ಲಿ ಹಲ್ಲಿರುವ ಒಂದು ಲಿವರ್ ಇದೆ, ಅದನ್ನು ಹಿಡಿದಿರೋದೇ ನಾವು ತಿರುಗಿಸುವ ಬೋಲ್ಟು. ಬಿಗಿ ಮಾಡಿದರೆ ಆರ್ಮ್ ಕೆಳಕ್ಕೆ ಒತ್ತುತ್ತೆ, ಗಾಡಿ ಮೇಲೇಳುತ್ತೆ.

ಬಾರ್ ಬಿಗಿದರೆ ಗಾಡಿ ಗಡುಸಾಗುತ್ತೆ ಅಂತ ಗ್ಯಾರೇಜಿನಲ್ಲಿ ಎಲ್ಲರೂ ಹೇಳ್ತಾರೆ. ಅನುಭವ ನಿಜ, ಕಾರಣ ತಪ್ಪು. ಸರಳಿನ ಗಡಸುತನ ಅದರ ದಪ್ಪ, ಉದ್ದದ ಮೇಲೆ ನಿಂತಿದೆ, ಬೋಲ್ಟು ತಿರುಗಿಸಿದರೆ ಎರಡೂ ಬದಲಾಗಲ್ಲ. ಚಕ್ರದ ಮೇಲೆ ಕೂತ ಭಾರ ಅಷ್ಟೇ ಇರೋದರಿಂದ ಸರಳು ತಿರುಚಿಕೊಂಡಿರೋದೂ ಹೆಚ್ಚುಕಡಿಮೆ ಮೊದಲಿನಷ್ಟೇ. ಆಗೋದು ಬೇರೆ: ಚಕ್ರ ಕೆಳಕ್ಕೆ ಇಳಿಯೋಕೆ ಇದ್ದ ಜಾಗವನ್ನು ನೀವು ಎತ್ತರಕ್ಕೆ ಖರ್ಚು ಮಾಡಿಬಿಟ್ಟಿರ್ತೀರಿ. ಹಂಪ್ ದಾಟಿದ ತಕ್ಷಣ ಚಕ್ರ ಇಳಿಯೋಕೆ ಹೋಗಿ, ಜಾಗ ಸಾಲದೆ, ಮೇಲಿನ ಆರ್ಮ್ ರಬ್ಬರ್ ಸ್ಟಾಪಿಗೆ ಠಣ್ ಅಂತ ಬಡಿಯುತ್ತೆ. ಆ ಏಟನ್ನೇ ನಾವು 'ಗಡುಸು' ಅಂತೀವಿ. ಈ ಒಂದು ಮಾತು ತಲೆಗೆ ಹೋದರೆ ಎಷ್ಟಕ್ಕೆ ನಿಲ್ಲಿಸಬೇಕು ಅನ್ನೋದನ್ನು ಯಾರನ್ನೂ ಕೇಳಬೇಕಾಗಿಲ್ಲ.

ಅಳತೆಗೆ ಗಾಡಿಯನ್ನು ಸಮತಟ್ಟಾದ ಕಡೆ ನಿಲ್ಲಿಸಬೇಕು. ನಾನು ಕಾಫಿ ಒಣಗಿಸುವ ಸಿಮೆಂಟ್ ಕಣದಲ್ಲಿ ನಿಲ್ಲಿಸಿದೆ, ಅದಕ್ಕಿಂತ ಮಟ್ಟಸವಾದ ಜಾಗ ನಮ್ಮಲ್ಲಿಲ್ಲ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಹೆಚ್ಚುಕಡಿಮೆ ಇದ್ದರೆ ಲೆಕ್ಕ ಕೆಡುತ್ತೆ. ಚಕ್ರದ ನಟ್ಟನಡುವಿನಿಂದ ನೇರ ಮೇಲಕ್ಕೆ, ಮಡ್‌ಗಾರ್ಡ್ ಅಂಚಿನ ತನಕ ಅಳೆಯಿರಿ. ಎಡ ಬಲ ಎರಡೂ. ಡ್ರೈವರ್ ಕಡೆ ಕೆಲವು ಮಿಲಿಮೀಟರ್ ಕಡಿಮೆ ಇದ್ದರೆ ಗಾಬರಿ ಬೇಡ, ದಿನಾ ಒಬ್ಬರೇ ಕೂರುವ ಡ್ರೈವರಿನ ಭಾರಕ್ಕೂ ಹಾಗಾಗಬಹುದು.

ಆಮೇಲೆ ಮುಖ್ಯವಾದ ಎರಡನೇ ಅಳತೆ. ಹಿಂದಿನ ಚಕ್ರಕ್ಕೆ ಎರಡೂ ಕಡೆ ದಪ್ಪ ಕಲ್ಲೋ ಮರದ ತುಂಡೋ ಕೊಟ್ಟು, ಮುಂದಿನ ಚಾಸಿಗೆ ಜಾಕ್ ಕೊಟ್ಟು, ಚಕ್ರ ಪೂರ್ತಿ ಜೋತುಬೀಳೋ ತನಕ ಎತ್ತಿ, ಸ್ಟ್ಯಾಂಡ್ ಇಟ್ಟು, ಅದೇ ಜಾಗ ಮತ್ತೆ ಅಳೆಯಿರಿ. ಉದಾಹರಣೆಗೆ ನಿಂತಾಗ 480, ಜೋತುಬಿದ್ದಾಗ 560 ಬಂತು ಅನ್ನಿ. ಕೆಳಕ್ಕೆ ಇಳಿಯೋಕೆ ಇರುವ ಜಾಗ 80 ಮಿಲಿಮೀಟರ್. ಗಾಡಿಯನ್ನು 35 ಎತ್ತಿದರೆ 45 ಉಳಿಯುತ್ತೆ, 60 ಎತ್ತಿದರೆ 20. ನನ್ನ ಪ್ರಕಾರ 40ಕ್ಕಿಂತ ಕಡಿಮೆ ಉಳಿಸಿಕೊಂಡ ಗಾಡಿ ನಮ್ಮ ರಸ್ತೆಗೆ ಆಗಿಬರಲ್ಲ. 'ಇನ್ನೂ ಬೋಲ್ಟಿದೆಯಲ್ಲ' ಅಂತ ಕೊನೇತನಕ ತಿರುಗಿಸುವವರಿಗೆ ಈ ಲೆಕ್ಕ ತೋರಿಸಿ.

ಎರಡು ದಿನ ಮುಂಚೆಯೇ ಬೋಲ್ಟಿನ ಎಳೆಗೆ ತಂತಿ ಬ್ರಷ್ ಹಾಕಿ, ತುಕ್ಕು ಬಿಡಿಸೋ ಎಣ್ಣೆ ಬಿಟ್ಟಿಡಿ. ಈ ಕೆಲಸ ಸೋಮಾರಿತನದಿಂದ ಬಿಟ್ಟರೆ ಎಳೆ ಕಿತ್ತುಹೋಗಿ ಬೋಲ್ಟೂ ನಟ್ಟೂ ಹೊಸದು ಹುಡುಕಬೇಕಾಗುತ್ತೆ. ಎಷ್ಟು ಎಳೆ ಹೊರಗಿದೆ ಅಂತ ಸ್ಕೇಲಿನಲ್ಲಿ ಅಳೆದು, ಬೋಲ್ಟಿನ ತಲೆಗೆ ಬಿಳಿ ಪೇಂಟಿನ ಚುಕ್ಕಿ ಇಡಿ. ವಾಪಸ್ ಮೊದಲಿನ ಸ್ಥಿತಿಗೆ ಬರೋಕೆ ಅದೇ ಗುರುತು.

ತಿರುಗಿಸುವಾಗ ಮುಂಭಾಗ ಎದ್ದು ಚಕ್ರ ಜೋತಿರಬೇಕು, ಚಾಸಿ ಸ್ಟ್ಯಾಂಡಿನ ಮೇಲೆ ಕೂತಿರಬೇಕು. ಚಕ್ರ ನೆಲದ ಮೇಲಿದ್ದಾಗ ಗಾಡಿಯ ಆ ಮೂಲೆಯ ಭಾರವನ್ನು ಆ ಎಳೆಯಲ್ಲೇ ಎತ್ತಿದ ಹಾಗಾಗುತ್ತೆ. ಬರೀ ಜಾಕಿನ ಮೇಲೆ ನಂಬಿಕೆ ಇಟ್ಟು ಕೆಳಗೆ ತೂರಬೇಡಿ, ಇದಕ್ಕೆ ವಿನಾಯಿತಿಯೇ ಇಲ್ಲ. ಬೋಲ್ಟನ್ನು ಪೂರ್ತಿ ಬಿಚ್ಚಲೂ ಬೇಡಿ. ಚಕ್ರ ಜೋತುಬಿದ್ದಾಗಲೂ ಲಿವರ್‌ನಲ್ಲಿ ತಿರುಚಿನ ಶಕ್ತಿ ಉಳಿದಿರಬಹುದು, ಪುಲ್ಲರ್ (ಲಿವರನ್ನು ಹಿಡಿದು ನಿಧಾನಕ್ಕೆ ಸಡಿಲಿಸುವ ಸಾಧನ) ಇಲ್ಲದೆ ಬಿಚ್ಚಿದರೆ ಮುಂಗೈಗೆ ಬಂದು ಬೀಳುತ್ತೆ. ಲಿವರ್ ಕಳಚಿ ಒಂದು ಹಲ್ಲು ಮುಂದಕ್ಕೆ ಕೂರಿಸಿದರೆ ಇನ್ನೂ ಏಳುತ್ತೆ ಅನ್ನೋದು ಹೌದು, ಆದರೆ ಬೋಲ್ಟಿನಲ್ಲೇ ಎಳೆ ಉಳಿದಿರೋವಾಗ ಆ ಕೆಲಸದಿಂದ ಸಿಗೋದೇನೂ ಇಲ್ಲ. ಏನಾದರೂ ಕಾರಣಕ್ಕೆ ಬಾರ್ ಹೊರತೆಗೆದರೆ ಎಡದ್ದು ಬಲಕ್ಕೆ ಹೋಗದಂತೆ ಗುರುತು ಹಾಕಿ. ಒಂದು ದಿಕ್ಕಿಗೆ ತಿರುಚಿ ಪಳಗಿದ ಸರಳು ಅದು, ಅದಲುಬದಲಾದರೆ ಮುರಿಯಬಹುದು.

ಲಾಕ್ ನಟ್ಟು ಇದ್ದರೆ ಸಡಿಲಿಸಿ, ಎರಡೂ ಕಡೆ ಎರಡೆರಡು ಸುತ್ತು ಕೊಡಿ. ಕೆಳಗಿಳಿಸಿ. ಈಗ ಗಾಡಿ ಜಿಂಕೆಯ ಹಾಗೆ ನಿಂತಿರುತ್ತೆ, ಅದನ್ನು ನಂಬಬೇಡಿ. ಜಾಕ್ ಇಳಿಸುವಾಗ ಟೈರುಗಳು ಒಳಕ್ಕೆ ಜಗ್ಗಿ ನೆಲ ಕಚ್ಚಿಕೊಂಡಿರುತ್ತವೆ, ಹಾಗಾಗಿ ಗಾಡಿ ಸುಳ್ಳು ಎತ್ತರದಲ್ಲಿ ನಿಂತಿರುತ್ತೆ. ಒಂದೆರಡು ಕಿಲೋಮೀಟರ್ ಓಡಿಸಿ, ಒಂದಷ್ಟು ಹಂಪ್ ದಾಟಿಸಿ, ಕಣಕ್ಕೆ ವಾಪಸ್ ತಂದು ಅಳೆಯಿರಿ. ಎರಡು ಸುತ್ತಿಗೆ ಎಷ್ಟು ಎದ್ದಿತು ಅನ್ನೋದು ಆಗ ಗೊತ್ತಾಗುತ್ತೆ, ಮುಂದಿನ ಸುತ್ತುಗಳ ಲೆಕ್ಕ ಅದರಿಂದ ಹಾಕಿ. ಒಂದು ಕಡೆಯ ಬೋಲ್ಟು ಮುಟ್ಟಿದರೆ ಇನ್ನೊಂದು ಕಡೆಯ ಎತ್ತರವೂ ಸ್ವಲ್ಪ ಬದಲಾಗುತ್ತೆ, ಹಾಗಾಗಿ ಎಡ ಬಲ ಸಮ ಮಾಡೋಕೆ ತಾಳ್ಮೆ ಬೇಕು. ನಾನು 35ಕ್ಕೆ ನಿಲ್ಲಿಸಿದೆ. ಅದರಲ್ಲಿ ದೊಡ್ಡ ಪಾಲು ವರ್ಷಾನುಗಟ್ಟಲೆ ಜಗ್ಗಿದ್ದು ವಾಪಸ್ ಬಂದಿದ್ದು, ಹೊಸದಾಗಿ ಗಳಿಸಿದ್ದಲ್ಲ.

ಎತ್ತರ ನಿಂತ ಮೇಲೆ ಆರ್ಮಿನ ಬುಡದ ರಬ್ಬರ್ ಬುಷ್ ನಟ್ಟುಗಳನ್ನು ಒಮ್ಮೆ ಸಡಿಲಿಸಿ, ಗಾಡಿ ನೆಲದ ಮೇಲೆ ನಿಂತಿರುವಾಗಲೇ ಮತ್ತೆ ಬಿಗಿ ಮಾಡಿಸಿ. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಇದನ್ನು ಮಾಡುವ ಗ್ಯಾರೇಜು ಕಡಿಮೆ, ನೀವೇ ಹೇಳಿ ಮಾಡಿಸಬೇಕು. ಹಾಗೇ ಚಕ್ರ ಜೋತುಬಿಟ್ಟು, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಬ್ರೇಕ್ ಹೋಸ್ ಬಿಗಿಯಾಗ್ತಿದೆಯಾ ನೋಡಿ. ಶಾಕ್ ಅಬ್ಸಾರ್ಬರ್ ತುದಿ ಮುಟ್ಟಿ ಎಳೆದುಕೊಂಡು ನಿಂತಿದ್ದರೆ ಎತ್ತರ ಸ್ವಲ್ಪ ಇಳಿಸಿ. ಫೋರ್ ಬೈ ಫೋರ್ ಇದ್ದವರು ಡ್ರೈವ್ ಶಾಫ್ಟಿನ ರಬ್ಬರ್ ಬೂಟಿನ ಮಡಿಕೆ ಒಂದಕ್ಕೊಂದು ಉಜ್ಜುತ್ತಿದೆಯಾ ಅಂತ ನೋಡಲೇಬೇಕು. ಕೋನ ಜಾಸ್ತಿಯಾದರೆ ಬೂಟು ಸೀಳಿ, ಗ್ರೀಸ್ ಹೋಗಿ, ಕೆಸರು ಒಳಗೆ ಸೇರುತ್ತೆ. ಆಮೇಲೆ ತಿರುವಿನಲ್ಲಿ ಟಕ್ ಟಕ್ ಸದ್ದು, ಅದರ ರಿಪೇರಿ ಖರ್ಚಿನಲ್ಲಿ ಇಂಥ ನಾಲ್ಕು ಗಾಡಿ ಎತ್ತಬಹುದು.

ಬೋಲ್ಟಿಗೆ ದುಡ್ಡು ಖರ್ಚಾಗಲಿಲ್ಲವಲ್ಲ, ಉಳಿದದ್ದನ್ನು ವೀಲ್ ಅಲೈನ್‌ಮೆಂಟಿಗೆ ಕೊಡಿ. ಇಲ್ಲಿ ಚೌಕಾಸಿ ಬೇಡ. ಗಾಡಿ ಎದ್ದಾಗ ಚಕ್ರದ ಮೇಲ್ತುದಿ ಹೊರಕ್ಕೆ ವಾಲುತ್ತೆ (ಈ ವಾಲಿಕೆಯೇ ಕ್ಯಾಂಬರ್), ಟೋ (ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರೋದು) ಕೆಡುತ್ತೆ, ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರೋದು) ಬದಲಾದರೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರೋದು ನಿಧಾನವಾಗುತ್ತೆ. 'ಟೋ ಒಂದು ಮಾಡಿಬಿಡ್ತೀನಿ ಸಾರ್, ಸಾಕು' ಅನ್ನುವ ಅಂಗಡಿಗೆ ಹೋಗಬೇಡಿ. ಕ್ಯಾಂಬರ್, ಕ್ಯಾಸ್ಟರ್ ಎರಡನ್ನೂ ಅಳೆದು, ಸರಿಮಾಡಬಲ್ಲವರ ಹತ್ತಿರ ಹೋಗಿ, ಮುಂಚಿನ ಮತ್ತು ಆಮೇಲಿನ ಅಳತೆಯ ಚೀಟಿ ಕೇಳಿ ತಗೊಳ್ಳಿ. ನಾನು ಹಾಸನಕ್ಕೇ ಹೋದೆ. ಅಲೈನ್‌ಮೆಂಟಿಗೆ ಮುಂಚೆ ಬಾಲ್ ಜಾಯಿಂಟು, ಟೈರಾಡ್ ಎಂಡು (ಆರ್ಮಿನ, ಸ್ಟೇರಿಂಗಿನ ಕೀಲುಗಳು) ಅಲ್ಲಾಡಿಸಿ ನೋಡಿಸಿ, ಅವು ಸಡಿಲವಿದ್ದರೆ ಅಲೈನ್‌ಮೆಂಟ್ ಮಾಡಿಸಿದ ದುಡ್ಡು ನೀರಿಗೆ ಹಾಕಿದಂತೆ.

ಹೆಡ್‌ಲೈಟ್ ಮರೆಯಬೇಡಿ. ಮೂತಿ ಎದ್ದರೆ ಬೆಳಕು ಎದುರಿನವರ ಕಣ್ಣಿಗೇ ಹೊಡೆಯುತ್ತೆ, ಶಿರಾಡಿ ಘಾಟಿಯಲ್ಲಿ ರಾತ್ರಿ ಇದು ಹುಡುಗಾಟ ಅಲ್ಲ. ಕೆಲಸಕ್ಕೆ ಮುಂಚೆಯೇ ಗೋಡೆಗೆ ಡಿಪ್ ಲೈಟ್ ಬಿಟ್ಟು, ಬೆಳಕಿನ ಮೇಲಂಚಿಗೆ ಸೀಮೆಸುಣ್ಣದ ಗೆರೆ ಎಳೆದಿಡಿ. ಮುಗಿದ ಮೇಲೆ ಅಷ್ಟೇ ದೂರದಲ್ಲಿ ಗಾಡಿ ನಿಲ್ಲಿಸಿ, ಬೆಳಕನ್ನು ಆ ಗೆರೆಗೆ ಇಳಿಸಿದರೆ ಆಯಿತು.

ಗಾಡಿ ಖಾಲಿ ಇದ್ದಾಗ ಮುಂದೆ ಹಿಂದೆ ಸಮವಾಗಿ ಕಾಣಬೇಕು ಅನ್ನೋ ಆಸೆ ಪಿಕಪ್ಪಿಗೆ ಒಳ್ಳೇದಲ್ಲ. ಹಿಂಭಾಗ ಎದ್ದಿರೋದು ಲೋಡಿಗಾಗಿ. ಖಾಲಿಯಲ್ಲಿ ಮಟ್ಟಸ ಮಾಡಿದರೆ ಹಿಂದೆ ಕಾಫಿ ಮೂಟೆ ಹೇರಿದಾಗ ಮೂತಿ ಆಕಾಶ ನೋಡುತ್ತೆ, ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ತೇಲುತ್ತೆ. ಖಾಲಿ ಗಾಡಿಯಲ್ಲಿ ಹಿಂಭಾಗ ಒಂದಿಂಚಾದರೂ ಮೇಲಿರಲಿ. ಹಾಗಂತ ಹಿಂದೆ ಶ್ಯಾಕಲ್ (ಪಟ್ಟಿ ಸ್ಪ್ರಿಂಗನ್ನು ಚಾಸಿಗೆ ತಗುಲಿಸುವ ಕೊಂಡಿ) ಉದ್ದ ಮಾಡಿಸೋಕೂ ಹೋಗಬೇಡಿ. ಬ್ರೇಕಿಗೆ ಲೋಡ್ ನೋಡಿ ಕೆಲಸ ಮಾಡುವ ವಾಲ್ವ್ ಇರುವ ಗಾಡಿಯಲ್ಲಿ ಚಾಸಿಗೂ ಆಕ್ಸಲ್ಲಿಗೂ ಇರುವ ಅಂತರವೇ ಅದಕ್ಕೆ ಲೆಕ್ಕ. ಅಂತರ ಜಾಸ್ತಿಯಾದರೆ ಗಾಡಿ ಖಾಲಿ ಇದೆ ಅಂದುಕೊಂಡು ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಮಾಡುತ್ತೆ.

ಇಸುಝು ಡಿ-ಮ್ಯಾಕ್ಸ್ ವಿ-ಕ್ರಾಸ್ ತರಹದ, ಮುಂದೆ ಸುರುಳಿ ಸ್ಪ್ರಿಂಗ್ ಇರುವ ಪಿಕಪ್ಪಿನವರಿಗೆ ಈ ಬೋಲ್ಟಿನ ಭಾಗ್ಯ ಇಲ್ಲ. ಅವರಿಗೆ ಸ್ಟ್ರಟ್ಟಿನ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಸೇರಿದ ಜೋಡಿ) ತಲೆಗೆ ಹಾಕುವ ಸ್ಪೇಸರೇ, ಅಂದರೆ ದಪ್ಪ ಬಿಲ್ಲೆಯೇ, ಅಗ್ಗದ ದಾರಿ. ಆರ್ಮಿನ ನಡುವೆ ಸ್ಟ್ರಟ್ ಕೂರೋದರಿಂದ ಸ್ಪೇಸರ್ ದಪ್ಪಕ್ಕಿಂತ ಗಾಡಿ ಜಾಸ್ತಿ ಏಳುತ್ತೆ, ದಪ್ಪ ನೋಡಿ ಸಣ್ಣದು ಅಂದುಕೊಳ್ಳಬೇಡಿ. ಸ್ಪ್ರಿಂಗಿನ ಸುತ್ತುಗಳ ನಡುವೆ ಸಿಕ್ಕಿಸುವ ರಬ್ಬರ್ ಬಫರ್ ಮಾತ್ರ ಬೇಡವೇ ಬೇಡ. ಅದು ಒಂದು ಸುತ್ತಿನ ಕೆಲಸ ನಿಲ್ಲಿಸಿ ಪಕ್ಕದ ಸುತ್ತುಗಳ ಮೇಲೆ ಭಾರ ಹೇರುತ್ತೆ, ಸ್ಪ್ರಿಂಗ್ ತುಂಡಾಗೋದು ಅಲ್ಲೇ.

ಕಾನೂನಿನ ಮಾತು: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಬದಲಾಯಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿದೆ. ಕಂಪನಿಯೇ ಕೊಟ್ಟ ಬೋಲ್ಟನ್ನು ಅದರ ಮಿತಿಯೊಳಗೆ ತಿರುಗಿಸೋದನ್ನು ನಾನು ಅಡ್ಜಸ್ಟ್‌ಮೆಂಟ್ ಅಂತೀನಿ. ಚಾಸಿಗೆ ತುಂಡು ವೆಲ್ಡ್ ಮಾಡಿಸೋದು ಆ ಲೆಕ್ಕಕ್ಕೆ ಬರಲ್ಲ. ಎಫ್‌ಸಿಗೆ ಹೋಗುವ ಹಳದಿ ಬೋರ್ಡಿನವರು ಮೊದಲೇ ಯಾರನ್ನಾದರೂ ವಿಚಾರಿಸಿಕೊಳ್ಳೋದು ಜಾಣತನ.

ಒಂದು ತಿಂಗಳು ಓಡಿಸಿದ ಮೇಲೆ ಅದೇ ಕಣದಲ್ಲಿ ಮತ್ತೊಮ್ಮೆ ಅಳೆದು, ಲಾಕ್ ನಟ್ಟು ಬಿಗಿ ಇದೆಯಾ ನೋಡಿ, ಬೋಲ್ಟಿನ ಎಳೆಗೆ ದಪ್ಪಗೆ ಗ್ರೀಸ್ ಬಳಿಯಿರಿ. ಮುಂದಿನ ಟೈರಿನ ಒಳಂಚು ಹೊರಂಚು ಎರಡಕ್ಕೂ ಅಂಗೈ ಸವರಿ ನೋಡಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಾಗೆ ತರಚಿದರೆ ಟೋ ಇನ್ನೂ ಸರಿಯಾಗಿಲ್ಲ ಅಂತ ಅರ್ಥ, ಚೀಟಿ ಹಿಡಿದುಕೊಂಡು ಅಲೈನ್‌ಮೆಂಟಿನವರ ಹತ್ತಿರ ವಾಪಸ್ ಹೋಗಿ.